ತಲೆ ಕಾಯುವ ಥರ್ಮಾಕೋಲ್

ಸೈಕಲ್ ಕಲಿಯುವಾಗ ಬಿದ್ದು ಮೊಣಕಾಲು ತರಚಿಕೊಳ್ಳದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ತರಚಿದ ಚರ್ಮ ಒಂದೆರಡು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮುರಿದ ಮುಂಗೈ ಮೂಳೆಗೆ ಪಟ್ಟಿ ಹಾಕಿದರೆ ಕೆಲವು ವಾರಗಳಲ್ಲಿ ಅದೂ ಬೆಸೆದುಕೊಳ್ಳುತ್ತದೆ. ಏಕೆಂದರೆ ಚರ್ಮ ಮತ್ತು ಮೂಳೆಗಳಲ್ಲಿ ಹೊಸ ಕೋಶಗಳು ಹುಟ್ಟಿ ಹಾನಿಯನ್ನು ತುಂಬುತ್ತವೆ. ಆದರೆ ಪೆಟ್ಟು ಮಿದುಳಿಗೆ ತಗಲಿದರೆ? ಅಲ್ಲಿ ಸತ್ತುಹೋದ ನರಕೋಶಗಳ ಜಾಗವನ್ನು ಹೊಸ ನರಕೋಶಗಳು ಬಂದು ತುಂಬುವುದಿಲ್ಲ. ಉಳಿದ ನರಕೋಶಗಳೇ ಹೊಸ ಸಂಪರ್ಕಗಳನ್ನು ಬೆಳೆಸಿಕೊಂಡು ಕಳೆದುಹೋದ ಕೆಲಸವನ್ನು ಆದಷ್ಟು ಹಂಚಿಕೊಳ್ಳಬೇಕು. ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಎಷ್ಟೋ ಸಲ ಪೂರ್ತಿ ಚೇತರಿಕೆ ಸಾಧ್ಯವಾಗುವುದೇ ಇಲ್ಲ.

ತಲೆಗೆ ಮಾತ್ರ ವಿಶೇಷ ರಕ್ಷಣೆ ಏಕೆ ಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ. ಈ ಉತ್ತರವನ್ನು ಕಂಡುಕೊಳ್ಳಲು ವೈದ್ಯರಿಗೂ ಭೌತವಿಜ್ಞಾನಿಗಳಿಗೂ ಬಹಳ ಕಾಲ ಹಿಡಿಯಿತು. ಆ ಕಥೆಯನ್ನು ಈಗ ನೋಡೋಣ.

ಬೆಂಡಿನ ಟೋಪಿಯಿಂದ ಅರಗಿನ ಟೋಪಿಗೆ

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ತಯಾರಿಸಿದ ಎರಡು ಚಕ್ರಗಳ ಗಾಡಿಗೆ ಪೆಡಲ್ ಇರಲಿಲ್ಲ. ಸವಾರ ಕಾಲಿನಿಂದ ನೆಲವನ್ನು ಒದೆಯುತ್ತಾ ಮುಂದೆ ಸಾಗಬೇಕಿತ್ತು. ಕಾಲು ನೆಲಕ್ಕೆ ಎಟುಕುತ್ತಿದ್ದುದರಿಂದ ಬೀಳುವ ಭಯ ಕಡಿಮೆ. ಅಪಾಯ ಹೆಚ್ಚಿದ್ದು 1870ರ ದಶಕದಲ್ಲಿ. ಆಗ ಬಂದ ಸೈಕಲ್‌ಗಳ ಮುಂದಿನ ಚಕ್ರ ಬಹಳ ದೊಡ್ಡದು, ಹಿಂದಿನದು ತೀರ ಚಿಕ್ಕದು. ಸವಾರ ಮುಂದಿನ ಚಕ್ರದ ನೆತ್ತಿಯ ಮೇಲೆಯೇ ಕುಳಿತಿರುತ್ತಿದ್ದ. ದಾರಿಯಲ್ಲಿ ಒಂದು ಕಲ್ಲು ಅಡ್ಡ ಬಂದು ಚಕ್ರ ನಿಂತರೆ ಸಾಕು, ಜಡತ್ವದಿಂದಾಗಿ ಸವಾರನ ದೇಹ ಮುಂದಕ್ಕೆ ಸಾಗಿ ಆತ ತಲೆಕೆಳಗಾಗಿ ಬೀಳುತ್ತಿದ್ದ.

ಇಂತಹ ಸವಾರರಲ್ಲಿ ಕೆಲವರು ಬೆಂಡಿನ ಟೋಪಿ ಧರಿಸತೊಡಗಿದರು. ನಮ್ಮಲ್ಲಿ ಮದುವೆಯ ಬಾಸಿಂಗಕ್ಕೆ ಬಳಸುವ ಹಗುರವಾದ ಬೆಂಡು ನಿಮಗೆ ಗೊತ್ತಲ್ಲವೆ? ಬ್ರಿಟಿಷ್ ಅಧಿಕಾರಿಗಳು ಬಿಸಿಲಿಗಾಗಿ ಹಾಕಿಕೊಳ್ಳುತ್ತಿದ್ದುದು ಅಂಥ ಬೆಂಡಿನ ಟೋಪಿಯನ್ನೇ. ಬಿದ್ದಾಗ ಬೆಂಡು ನಜ್ಜುಗುಜ್ಜಾಗಿ ಪೆಟ್ಟನ್ನು ಸ್ವಲ್ಪ ಹೀರಿಕೊಳ್ಳುತ್ತಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ ಚಕ್ರಗಳಿರುವ ‘ರೋವರ್’ ಸೈಕಲ್ ತಂದರು. ಸವಾರ ಮತ್ತೆ ನೆಲಕ್ಕೆ ಹತ್ತಿರವಾದ. ತಲೆಯ ರಕ್ಷಣೆಯ ವಿಚಾರ ಹಿಂದೆ ಸರಿಯಿತು. ಪಂದ್ಯದ ಸವಾರರು ಮಾತ್ರ ಚರ್ಮದ ಪಟ್ಟಿಗಳನ್ನು ಹೆಣೆದ ಬಲೆಯಂಥ ಟೋಪಿ ಧರಿಸುತ್ತಿದ್ದರು. ಅದು ನೆತ್ತಿಯ ಚರ್ಮ ಹರಿಯದಂತೆ ತಡೆಯುತ್ತಿತ್ತೇ ಹೊರತು ಮಿದುಳಿಗೆ ಅದರಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ.

ಅಷ್ಟರಲ್ಲಿ ಸೈಕಲ್‌ಗೆ ಎಂಜಿನ್ ಕೂಡಿಕೊಂಡು ಮೋಟಾರ್ ಸೈಕಲ್ ಬಂದಿತ್ತು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನದಲ್ಲಿ ವೈದ್ಯರಾಗಿದ್ದ ಎರಿಕ್ ಗಾರ್ಡ್ನರ್ ಅವರ ಬಳಿಗೆ ತಲೆಗೆ ಪೆಟ್ಟು ಬಿದ್ದ ಸವಾರರು ಮತ್ತೆ ಮತ್ತೆ ಬರುತ್ತಿದ್ದರು. ಅವರು ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿಸಿ ಗಟ್ಟಿಯಾದ ಟೋಪಿ ಮಾಡಿಸಿದರು. ಮೊದಲು ವಿರೋಧ ಬಂದರೂ 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯದಲ್ಲಿ ಅದು ಕಡ್ಡಾಯವಾಯಿತು. ಆದರೆ ಪಂದ್ಯದ ಹೊರಗೆ, ಸಾಮಾನ್ಯ ರಸ್ತೆಯಲ್ಲಿ ಯಾರೂ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ.

ಒಬ್ಬ ರೋಗಿ, ಒಬ್ಬ ಶಸ್ತ್ರವೈದ್ಯ

1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಒಂದು ಅಪಘಾತವಾಯಿತು. ಮೋಟಾರ್ ಸೈಕಲ್‌ನಲ್ಲಿ ಬರುತ್ತಿದ್ದವನೊಬ್ಬ ಎದುರಿಗೆ ಸೈಕಲ್ ಸವಾರಿ ಮಾಡುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಆತ ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ಮೇ 19ರಂದು ತೀರಿಕೊಂಡ. ವಯಸ್ಸು 46.

ಅವನನ್ನು ನೋಡಿದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಈ ಸಾವು ಅವರನ್ನು ಕಾಡಿತು. ಎರಡನೆಯ ಮಹಾಯುದ್ಧ ಆರಂಭವಾದಾಗ ಸೇನೆಯ ಸಂದೇಶವಾಹಕರು ಮೋಟಾರ್ ಸೈಕಲ್‌ಗಳಲ್ಲಿ ಓಡಾಡುತ್ತಿದ್ದರು. ಕೇರ್ನ್ಸ್ ಅಂಕಿ ಅಂಶಗಳನ್ನು ಕಲೆಹಾಕಿದರು. ಯುದ್ಧದ ಮೊದಲ 21 ತಿಂಗಳುಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮೋಟಾರ್ ಸೈಕಲ್ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಸಾವಿಗೆ ಮುಖ್ಯ ಕಾರಣ ತಲೆಯ ಗಾಯ. ಹೆಲ್ಮೆಟ್ ಧರಿಸಿ ಗಾಯಗೊಂಡ ಏಳು ಮಂದಿಯನ್ನು ಮಾತ್ರ ಅವರು ನೋಡಿದ್ದರು. ಆ ಏಳೂ ಮಂದಿ ಬದುಕಿದ್ದರು. 1941ರಲ್ಲಿ ಅವರು ಇದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು.

ಏಳು ಬಹಳ ಸಣ್ಣ ಸಂಖ್ಯೆ ಎಂದು ನಿಮಗೆ ಅನ್ನಿಸಬಹುದು. ಅದು ನಿಜ. ಆದರೆ 1941ರ ನವೆಂಬರ್‌ನಲ್ಲಿ ಸೇನೆ ತನ್ನ ಸವಾರರಿಗೆಲ್ಲ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿಂದಾಚೆಗೆ ಸವಾರರ ಸಾವಿನ ಸಂಖ್ಯೆ ಇಳಿಯುತ್ತ ಹೋದುದನ್ನು ಕೇರ್ನ್ಸ್ 1946ರಲ್ಲಿ ತಿಂಗಳುವಾರು ಅಂಕಿಗಳಿಂದ ತೋರಿಸಿದರು. ಬ್ರಿಟನ್ನಿನ ಎಲ್ಲ ಮೋಟಾರ್ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಲು 1973 ಬರಬೇಕಾಯಿತು. ಅಷ್ಟರಲ್ಲಿ ಕೇರ್ನ್ಸ್ ತೀರಿಕೊಂಡು 21 ವರ್ಷಗಳಾಗಿದ್ದವು.

ಮೊಸರಿನ ಪಾತ್ರೆಯೂ ಮಿದುಳೂ

ಆಕ್ಸ್‌ಫರ್ಡ್‌ನಲ್ಲಿ ಕೇರ್ನ್ಸ್ ಜೊತೆ ಕೆಲಸ ಮಾಡುತ್ತಿದ್ದ ಹೋಲ್‌ಬರ್ನ್ ಎಂಬ ಭೌತವಿಜ್ಞಾನಿ ಇನ್ನೊಂದು ಪ್ರಶ್ನೆ ಕೇಳಿಕೊಂಡರು. ತಲೆಬುರುಡೆ ಒಡೆಯದೆಯೂ ಮಿದುಳಿಗೆ ಏಕೆ ಹಾನಿಯಾಗುತ್ತದೆ? ಅವರು ತಲೆಬುರುಡೆಯ ಆಕಾರದಲ್ಲಿ ಜೆಲಟಿನ್ ಮಾದರಿಗಳನ್ನು ಮಾಡಿ ಅವುಗಳನ್ನು ಥಟ್ಟನೆ ತಿರುಗಿಸಿ ನೋಡಿದರು. 1943ರಲ್ಲಿ ಅವರು ಹೇಳಿದ್ದಿಷ್ಟು: ಮಿದುಳನ್ನು ಒತ್ತಿ ಕುಗ್ಗಿಸುವುದು ಕಷ್ಟ, ಆದರೆ ಅದರ ಪದರಗಳು ಒಂದರ ಮೇಲೊಂದು ಜಾರುವಂತೆ ಮಾಡುವುದು ಸುಲಭ. ತಲೆ ಹಠಾತ್ತನೆ ತಿರುಗಿದಾಗ ಹೀಗೆ ಆಗುತ್ತದೆ.

ಇದನ್ನು ನೀವೂ ನೋಡಬಹುದು. ದುಂಡನೆಯ ಪಾತ್ರೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೊಸರು ತೆಗೆದುಕೊಳ್ಳಿ. ಪಾತ್ರೆಯನ್ನು ಥಟ್ಟನೆ ತಿರುಗಿಸಿ ನಿಲ್ಲಿಸಿ. ಪಾತ್ರೆಗೆ ಏನೂ ಆಗಿರುವುದಿಲ್ಲ. ಒಳಗಿನ ಮೊಸರು ಮಾತ್ರ ಹಿಂದುಳಿದು ಅಂಚಿನಲ್ಲಿ ಬಿರುಕು ಬಿಡುತ್ತದೆ. ಮಿದುಳಿನಲ್ಲಿ ಹೀಗೆ ಎಳೆತಕ್ಕೆ ಸಿಗುವುದು ನರಕೋಶಗಳನ್ನು ಜೋಡಿಸುವ ಉದ್ದನೆಯ ನರತಂತುಗಳು. 1956ರಲ್ಲಿ ಸಬೀನಾ ಸ್ಟ್ರಿಚ್ ಎಂಬ ರೋಗವಿಜ್ಞಾನಿ, ತಲೆಗೆ ಪೆಟ್ಟು ಬಿದ್ದು ತಿಂಗಳುಗಟ್ಟಲೆ ಚೇತರಿಸಿಕೊಳ್ಳದೆ ಸತ್ತವರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಾನಿಗೊಂಡ ನರತಂತುಗಳನ್ನು ವಿವರಿಸಿದರು.

ಒಂದು ಸರಳ ಲೆಕ್ಕ

ಹೆಲ್ಮೆಟ್ ಏನು ಮಾಡುತ್ತದೆ ಎಂಬುದನ್ನು ಈಗ ಲೆಕ್ಕ ಹಾಕೋಣ. ಸೈಕಲ್ ಮೇಲೆ ಕುಳಿತ ನಿಮ್ಮ ತಲೆ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅಷ್ಟು ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 5.4 ಮೀಟರ್, ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಸೈಕಲ್ ನಿಂತೇ ಇದ್ದರೂ ಇದು ತಪ್ಪಿದ್ದಲ್ಲ. ‘ನಾನು ನಿಧಾನವಾಗಿ ಹೋಗುತ್ತೇನೆ, ನನಗೇಕೆ ಹೆಲ್ಮೆಟ್?’ ಎನ್ನುವವರಿಗೆ ಈ ಅಂಕಿಯನ್ನು ತೋರಿಸಿ.

ಈ ವೇಗ ಸೊನ್ನೆಯಾಗಬೇಕು. ಎಷ್ಟು ದೂರದಲ್ಲಿ? ಬರಿಯ ತಲೆಯಾದರೆ ನೆತ್ತಿಯ ಚರ್ಮ ಮತ್ತು ಮೂಳೆ ಸೇರಿ 5 ಮಿಲಿಮೀಟರ್ ತಗ್ಗಬಹುದು ಎನ್ನೋಣ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ ಸರಾಸರಿ ವೇಗನಷ್ಟವು ಗುರುತ್ವದ ಎಷ್ಟು ಪಟ್ಟು ಎಂದು ತಿಳಿಯುತ್ತದೆ: 1500 ÷ 5 = 300. ತಲೆಯ ರಾಶಿ 5 ಕಿಲೋಗ್ರಾಂ ಎಂದರೂ ಅದರ ಮೇಲೆ ಬೀಳುವ ಬಲ ಸುಮಾರು 15,000 ನ್ಯೂಟನ್. ಒಂದು ಕಾರಿನ ತೂಕದಷ್ಟು! ಹೆಲ್ಮೆಟ್‌ನ ಒಳಪದರ ಇನ್ನೂ 20 ಮಿಲಿಮೀಟರ್ ಕುಗ್ಗಿದರೆ ಒಟ್ಟು ದೂರ 25 ಮಿಲಿಮೀಟರ್. ಆಗ 1500 ÷ 25 = 60. ಬಲ ಐದನೆಯ ಒಂದು ಭಾಗಕ್ಕೆ ಇಳಿಯಿತು. ತಲೆ ನಿಲ್ಲಲು ತೆಗೆದುಕೊಂಡ ಕಾಲ ಸೆಕೆಂಡಿನ ಸಾವಿರದ ಎರಡು ಭಾಗದಿಂದ ಸಾವಿರದ ಒಂಬತ್ತು ಭಾಗಕ್ಕೆ ಏರಿತು. ಹೆಲ್ಮೆಟ್‌ನಿಂದ ಮುಖ್ಯವಾಗಿ ಸಿಗುವುದು ಈ ಎರಡು ಸೆಂಟಿಮೀಟರ್ ದೂರವೇ. ಯುರೋಪಿನ ಸೈಕಲ್ ಹೆಲ್ಮೆಟ್ ಮಾನಕದಲ್ಲಿಯೂ ಚಪ್ಪಟೆ ತಳದ ಮೇಲೆ ಪರೀಕ್ಷಿಸುವ ವೇಗ ಸೆಕೆಂಡಿಗೆ 5.42 ಮೀಟರ್. ಆಗ ಮಾದರಿ ತಲೆಯ ಗರಿಷ್ಠ ವೇಗನಷ್ಟ ಗುರುತ್ವದ 250 ಪಟ್ಟು ಮೀರಬಾರದು.

ಕುಗ್ಗುವ ಒಳಪದರದ ಕಲ್ಪನೆಗೆ ಅಮೆರಿಕದ ಲೊಂಬಾರ್ಡ್ ಮತ್ತು ರಾತ್ 1953ರಲ್ಲಿ ಪೇಟೆಂಟ್ ಕೋರಿದರು. 1975ರಲ್ಲಿ ಅಮೆರಿಕದ ಬೆಲ್ ಕಂಪನಿ ಸೈಕಲ್ ಸವಾರರಿಗೆಂದೇ ಇಂಥ ಹೆಲ್ಮೆಟ್ ತಂದಿತು. ಅದರ ಒಳಪದರ ಯಾವುದು ಗೊತ್ತೆ? ಪಾಲಿಸ್ಟೈರೀನ್ ನೊರೆ, ಅಂದರೆ ನಾವು ಥರ್ಮಾಕೋಲ್ ಎನ್ನುವ ವಸ್ತು. ಹಳೆಯ ಬೆಂಡಿನ ಟೋಪಿಯಂತೆಯೇ ಇದು ತಾನು ನಜ್ಜುಗುಜ್ಜಾಗಿ ತಲೆಯನ್ನು ಕಾಯುತ್ತದೆ. ಸ್ಪಂಜಿನಂತೆ ಮತ್ತೆ ಪೂರ್ತಿ ಉಬ್ಬುವುದಿಲ್ಲ. ಆದ್ದರಿಂದಲೇ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದನ್ನು ಮತ್ತೆ ಬಳಸಬಾರದು.

ಬಿದ್ದ ಮೇಲೆ

ಹೆಲ್ಮೆಟ್ ಇದ್ದರೂ ಮಿದುಳು ಅಲುಗಬಹುದು. ವೈದ್ಯರು ಇದನ್ನು ಕನ್‌ಕಷನ್ ಎನ್ನುತ್ತಾರೆ. ತಲೆನೋವು, ತಲೆಸುತ್ತು, ಮಂಕು, ಬೆಳಕು ಕಂಡರೆ ಕಿರಿಕಿರಿ, ಓದಿದ್ದು ತಲೆಗೆ ಹತ್ತದಿರುವುದು ಇದರ ಲಕ್ಷಣಗಳು. ಹಿಂದೆ ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2022ರಲ್ಲಿ ಸೇರಿದ ತಜ್ಞರ ಸಲಹೆ ಬೇರೆ: ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆಯಂಥ ಹಗುರ ಚಟುವಟಿಕೆ, ಬಳಿಕ ಹಂತಹಂತವಾಗಿ ಪಾಠ ಮತ್ತು ಆಟ. ಹೆಚ್ಚಿನ ಮಕ್ಕಳು ನಾಲ್ಕು ವಾರಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಶಿಕ್ಷಕರೇ, ತಲೆಗೆ ಪೆಟ್ಟು ಬಿದ್ದು ಶಾಲೆಗೆ ಮರಳಿದ ಹುಡುಗಿಯೊಬ್ಬಳು ಪಾಠದಲ್ಲಿ ಹಿಂದುಳಿದರೆ ಅದು ಸೋಮಾರಿತನವಲ್ಲ. ಅವಳ ಮಿದುಳು ಇನ್ನೂ ಗುಣವಾಗುತ್ತಿದೆ. ಅವಳಿಗೆ ಸಮಯ ಕೊಡಿ.

ಬಿದ್ದವರು ಎದ್ದು ಮಾತನಾಡಿದರು ಎಂಬ ಕಾರಣಕ್ಕೆ ಅಪಾಯ ಕಳೆಯಿತೆಂದು ತಿಳಿಯಬೇಡಿ. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರುತ್ತಿದ್ದರೆ ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪಬಹುದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಅತಿಯಾದ ಮಂಪರು, ಸೆಳವು, ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಕಿವಿ ಅಥವಾ ಮೂಗಿನಿಂದ ತಿಳಿನೀರಿನಂಥ ದ್ರವ ಸೋರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾನೂನು ಮತ್ತು ನಾವು

ಸೈಕಲ್ ಪಂದ್ಯಗಳಲ್ಲಿಯೂ ಹೆಲ್ಮೆಟ್ ಸುಲಭವಾಗಿ ಬರಲಿಲ್ಲ. 1991ರಲ್ಲಿ ಕಡ್ಡಾಯ ಮಾಡಹೊರಟಾಗ ಸವಾರರೇ ಪ್ರತಿಭಟಿಸಿದರು. 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದ ಕಜಕಸ್ತಾನದ ಆಂದ್ರೇ ಕಿವಿಲೆವ್ ಮರುದಿನ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ನಿಯಮ ಜಾರಿಗೆ ಬಂತು. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರನ್ನು ಒಳಗೊಂಡ 40 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹೆಲ್ಮೆಟ್ ಧರಿಸಿದವರಲ್ಲಿ ತಲೆಗೆ ಗಂಭೀರ ಗಾಯವಾಗುವ ಸಂಭವ ಸುಮಾರು ಶೇ. 70ರಷ್ಟು ಕಡಿಮೆ ಇತ್ತು.

ಹೆಲ್ಮೆಟ್ ಅಪಘಾತವನ್ನು ತಡೆಯುವುದಿಲ್ಲ ಎಂಬುದೂ ನಿಜ. ನೆದರ್‌ಲ್ಯಾಂಡ್ಸ್‌ನಲ್ಲಿ ದಿನನಿತ್ಯದ ಸವಾರರು ಹೆಲ್ಮೆಟ್ ಹಾಕುವುದು ಅಪರೂಪ. ಅಲ್ಲಿ ಸೈಕಲ್‌ಗೆಂದೇ ಪ್ರತ್ಯೇಕ ದಾರಿಗಳಿವೆ. ಲಾರಿ, ಬಸ್ಸುಗಳ ನಡುವೆಯೇ ಸೈಕಲ್ ತುಳಿಯಬೇಕಾದ ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ. ಒಳ್ಳೆಯ ರಸ್ತೆಯೂ ಬೇಕು, ಹೆಲ್ಮೆಟ್ಟೂ ಬೇಕು.

ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 129ನೇ ವಿಧಿ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ವಿಧಿಸುತ್ತದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರೂ ಧರಿಸಬೇಕಾಯಿತು. ಸೈಕಲ್ ಸವಾರರಿಗೆ ಈ ವಿಧಿ ಅನ್ವಯಿಸುವುದಿಲ್ಲ. 2006–07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ರಾಜ್ಯದ ಲಕ್ಷಾಂತರ ಹುಡುಗ ಹುಡುಗಿಯರು ಸೈಕಲ್ ಏರಿ ಶಾಲೆಗೆ ಬಂದರು. ಅವರ ತಲೆಯ ಮೇಲೆ ಹೆಲ್ಮೆಟ್ ಇರಬೇಕೆಂದು ಹೇಳುವ ಕೆಲಸ ಪೋಲೀಸರದಲ್ಲ. ಅದು ಪೋಷಕರದು ಮತ್ತು ಶಿಕ್ಷಕರದು.

ಮುಂದಿನ ಬಾರಿ ನ್ಯೂಟನ್ನನ ಚಲನೆಯ ನಿಯಮಗಳನ್ನು ಕಲಿಸುವಾಗ ಎರಡು ಮೊಟ್ಟೆಗಳನ್ನು ತರಗತಿಗೆ ತನ್ನಿ. ಒಂದನ್ನು ಹಾಗೆಯೇ, ಇನ್ನೊಂದನ್ನು ಸುತ್ತಲೂ ಥರ್ಮಾಕೋಲ್ ಕಟ್ಟಿ, ಒಂದೇ ಎತ್ತರದಿಂದ ಬೀಳಿಸಿ. ಥರ್ಮಾಕೋಲಿನ ದಪ್ಪ ಬದಲಾಯಿಸಿ ನೋಡಿ. ಮೇಲಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಕಪ್ಪುಹಲಗೆಯ ಮೇಲೆ ಮಾಡಲಿ. ಬಳಿಕ ಒಂದು ಹೆಲ್ಮೆಟ್ ತರಿಸಿ ಅದನ್ನು ಧರಿಸುವ ಕ್ರಮ ತೋರಿಸಿ. ಅದರ ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಗದ್ದದ ಪಟ್ಟಿ ಬಿಗಿಯಾಗಿರಲಿ. ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಕಳಚಿ ಹೋಗುತ್ತದೆ ಎಂಬುದನ್ನು ಹೇಳಲು ಮರೆಯಬೇಡಿ.