ಗಿಡಕ್ಕೆ ಬೇಡದ ಅಂಗಿ

ಟೊಮೇಟೊ ಹಣ್ಣಿನ ಮೇಲೆ ಯಾರೋ ಬಳೆ ಒತ್ತಿದ ಹಾಗೆ ಹಳದಿ ಉಂಗುರಗಳಿರೋದನ್ನ ನೋಡಿದ್ದೀರಾ? ಕೋಲಾರದ ಕಡೆ ನಮ್ಮ ಚಿಕ್ಕಪ್ಪನ ಹೊಲದಲ್ಲಿ ಒಂದು ವರ್ಷ ಬರೀ ಇಂಥವೇ. ಔಷಧಿ ಅಂಗಡಿಯವನು ಹೇಳಿದ್ದನ್ನೆಲ್ಲ ತಂದು ಹೊಡೆದರು. ಕೊನೆಗೆ ಗಿಡ ಕಿತ್ತು ಬದುವಿಗೆ ಹಾಕಿದ್ದಷ್ಟೇ. ಆ ಸಿಟ್ಟಿಗೇ ನಾನು ಇದರ ಚರಿತ್ರೆ ಓದೋಕೆ ಶುರು ಮಾಡಿದ್ದು.

ಇದೇ ಜಾತಿಯ ರೋಗ ಮೊದಲು ಸುದ್ದಿಯಾಗಿದ್ದು ದೂರದ ಆಸ್ಟ್ರೇಲಿಯಾದಲ್ಲಿ. ವಿಕ್ಟೋರಿಯಾದ ಟೊಮೇಟೊ ಗಿಡಗಳು ಕಂಚಿನ ಬಣ್ಣಕ್ಕೆ ತಿರುಗಿ ಸೊರಗಿದ್ದನ್ನು ಬ್ರಿಟಲ್‌ಬ್ಯಾಂಕ್ 1919ರಲ್ಲಿ ಬರೆದರು. ಹರಡೋದು ಥ್ರಿಪ್ಸ್ ಅಂತ 1927ರಲ್ಲಿ ಪಿಟ್‌ಮನ್ ತೋರಿಸಿದರು. ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಉದ್ದದ ಹುಳ! ರೋಗಕ್ಕೆ ಕಾರಣ ವೈರಸ್ ಅನ್ನೋದು 1930ರಲ್ಲಿ ಗಟ್ಟಿಯಾಯಿತು.

ಈ ವೈರಸ್ಸಿನ ಒಳಗಿರೋದು ಆರ್‌ಎನ್‌ಎಯ ಮೂರು ತುಂಡು. ನಡುವಿನ ಅಳತೆಯ ತುಂಡಿನಲ್ಲಿರುವ ಒಂದು ಜೀನ್‌ನಿಂದ ಉದ್ದನೆಯ ಪ್ರೋಟೀನ್ ತಯಾರಾಗಿ, ಎರಡಾಗಿ ಕತ್ತರಿಸಿಕೊಳ್ಳುತ್ತೆ. ಇವೇ ಗ್ಲೈಕೋಪ್ರೋಟೀನ್‌ಗಳು, ಅಂದ್ರೆ ಸಕ್ಕರೆ ಅಂಟಿಸಿಕೊಂಡ ಪ್ರೋಟೀನ್‌ಗಳು. ವೈರಸ್ ಮೈಮೇಲಿನ ಕೊಬ್ಬಿನ ಅಂಗಿಯಲ್ಲಿ ಮುಳ್ಳಿನಂತೆ ಚುಚ್ಚಿಕೊಂಡಿರುತ್ತವೆ. ಗಿಡಗಳ ಬಹುಪಾಲು ವೈರಸ್‌ಗಳಿಗೆ ಇಂಥ ಅಂಗಿಯೇ ಇಲ್ಲ. ಇದರ ನೆಂಟರಲ್ಲಿ ಹಲವು ಪ್ರಾಣಿಗಳಿಗೆ ಅಂಟುವ ವೈರಸ್‌ಗಳು.

ಹಾಗಾದ್ರೆ ಅಂಗಿ ಯಾಕೆ? ನನಗೆ ತುಂಬಾ ಹಿಡಿಸಿದ ಭಾಗ ಇದು. ಪ್ರಯೋಗಾಲಯದಲ್ಲಿ ರೋಗದ ಗಿಡದ ರಸವನ್ನ ಇನ್ನೊಂದು ಗಿಡಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸವರುತ್ತಾ ಹೋದರೆ ಕೆಲವೊಮ್ಮೆ ವೈರಸ್ ಅಂಗಿಯನ್ನೇ ಕಳಚಿಬಿಡುತ್ತೆ. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್‌ನವರು 1991ರಲ್ಲಿ ಇದನ್ನ ವಿವರಿಸಿದರು. ಗಿಡದೊಳಗೆ ಅದು ಆರಾಮಾಗಿಯೇ ಬೆಳೆಯುತ್ತೆ, ಆದರೆ ಥ್ರಿಪ್ಸ್‌ಗೆ ಮಾತ್ರ ಅಂಟಲಾರದು! ಅಂಗಿ ಬೇಕಾಗಿದ್ದು ಹುಳದ ಹೊಟ್ಟೆ ಹೊಗೋದಕ್ಕೆ. 2004ರಲ್ಲಿ ಅಮೆರಿಕದ ಸಂಶೋಧಕರು ಬರೀ ಒಂದು ಗ್ಲೈಕೋಪ್ರೋಟೀನನ್ನು ವೈರಸ್ ಜೊತೆ ಮರಿಗಳಿಗೆ ಉಣ್ಣಿಸಿದರು. ಅದೇ ಕರುಳಿಗೆ ಹೋಗಿ ಅಂಟಿಕೊಂಡು, ಒಳಸೇರಿದ ವೈರಸ್ ಕಡಿಮೆಯಾಯಿತು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ :)

ಭಾರತದಲ್ಲಿ ಶೇಂಗಾದ ಮೊಗ್ಗು ಕೊಳೆಸುವ ವೈರಸ್ಸನ್ನೂ ಬಹುಕಾಲ ಆಸ್ಟ್ರೇಲಿಯಾದ್ದೇ ಅಂದುಕೊಂಡಿದ್ದರು. ಬೇರೆಯದು ಅಂತ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನವರು 1992ರಲ್ಲಿ ತೋರಿಸಿದರು. ಟೊಮೇಟೊಗೂ ಬೀಳೋದು ಅದೇ.

ಥ್ರಿಪ್ಸ್ ಮರಿಯಾಗಿದ್ದಾಗ ರೋಗದ ಗಿಡ ತಿಂದರಷ್ಟೇ, ರೆಕ್ಕೆ ಬಂದಮೇಲೆ ಸಾಯೋತನಕ ಹಂಚುತ್ತೆ. ಬೇರೆಲ್ಲೋ ಕಳೆಗಿಡದಲ್ಲಿ ವೈರಸ್ ಹೊತ್ತುಕೊಂಡು ಹಾರಿಬಂದದ್ದು ಸ್ವಲ್ಪ ಹೊತ್ತು ರಸ ಹೀರಿದರೂ ಸಾಕು. ಚಿಕ್ಕಪ್ಪ ಔಷಧಿ ಹೊಡೆಯೋ ಹೊತ್ತಿಗೆ ಹುಳ ತನ್ನ ಕೆಲಸ ಮುಗಿಸಿತ್ತು. ಬದುವಿನ ಕಳೆ ಕೀಳಿ ಅಂತ ಅಂಗಡಿಯವನು ಒಂದು ಸಲವೂ ಹೇಳಿರಲಿಲ್ಲ.