ಘಟ್ಟದವರ ‘ಬ್ಯಾರಿಸ್ಟರ್’

ನಮ್ಮ ಮನೆಯ ಹಿರಿಯರಿಗೆ ಮುಂಬಯಿಯ ಕರಿಕೋಟಿನವರೆಲ್ಲ ಬ್ಯಾರಿಸ್ಟರರೇ. ವಿಲಾಯತಿಗೆ ಹೋಗಿ ಓದಿ ಬಂದವನಿಗಷ್ಟೇ ಆ ಹೆಸರು ಸಲ್ಲುತ್ತದೆಂದು ನಾನು ಶಾಲೆಯ ಜಾಣತನದಿಂದ ತಿದ್ದಲು ಹೋದರೆ, ‘ನಿನ್ನ ಪುಸ್ತಕ ನೀನೇ ಇಟ್ಕಳೋ ತಮಾ’ ಎಂದು ಬಾಯಿ ಮುಚ್ಚಿಸುತ್ತಿದ್ದರು. ಜೋಕಿಮ್ ಆಳ್ವರೂ ಅವರ ಲೆಕ್ಕದಲ್ಲಿ ಬ್ಯಾರಿಸ್ಟರರು. ಆಳ್ವರು ಕಾಯಿದೆ ಕಲಿತದ್ದು ಲಂಡನ್ನಿನಲ್ಲಲ್ಲ, ಮುಂಬಯಿಯಲ್ಲಿ.

ಹಿರಿಯರ ಈ ತಪ್ಪಿನ ಹಿಂದೆ ನೂರು ವರುಷದ ಚರಿತ್ರೆಯಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂಬಯಿಯ ಹೈಕೋರ್ಟು ಹುಟ್ಟಿದ್ದೂ ಅದೇ ವರುಷ. ಅಂದಿನಿಂದ ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗನ ಗಡಿಜಗಳವಾಗಲಿ, ಸೊಪ್ಪಿನ ಬೆಟ್ಟದ ತಕರಾರಾಗಲಿ ಅಪೀಲಿನ ಮೆಟ್ಟಿಲು ಹತ್ತಿದರೆ ಮುಂಬಯಿಗೇ ಹೋಗಬೇಕು. ಕನ್ನಡದಲ್ಲಿ ಹುಟ್ಟಿದ ವ್ಯಾಜ್ಯ ಇಂಗ್ಲಿಷಿನಲ್ಲಿ ಮುಗಿಯಬೇಕು. ನಡುವೆ ನಿಂತು ನಮ್ಮ ಅಳಲನ್ನು ಅವರ ಭಾಷೆಗೆ ತಿರುಗಿಸಬಲ್ಲವನ ಮೇಲೆ ಭಯವೂ ಭಕ್ತಿಯೂ ಹುಟ್ಟಿದ್ದರೆ ಆಶ್ಚರ್ಯವೇನು?

ಹಾಗೆಂದು ಘಟ್ಟದವರು ಬಾಯಿಲ್ಲದ ಜನರೇನಲ್ಲ. ಮೂವತ್ತರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರದ ರೈತರು ಅಂಕೋಲೆಯವರೊಡನೆ ನಿಂತು ಹೊಲಮನೆ ಕಳೆದುಕೊಂಡರು. ಇಂಥ ಜನ 1952ರ ಮೊದಲ ಚುನಾವಣೆಯಲ್ಲಿ ಲೋಕಸಭೆಗೆ ಕಳಿಸಿದ್ದು ತಮ್ಮವನನ್ನಲ್ಲ. 1907ರಲ್ಲಿ ಉಡುಪಿಯ ಕಡೆ ಹುಟ್ಟಿ, ಮುಂಬಯಿಯಲ್ಲಿ ವಕೀಲರಾಗಿ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, 1943ರಲ್ಲಿ ‘ಫೋರಂ’ ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡಿಸಿದ ಆಳ್ವರನ್ನು. ಪತ್ನಿ ವಯೊಲೆಟ್ ಆಳ್ವ ಅದೇ ವರುಷ ರಾಜ್ಯಸಭೆಗೆ ಬಂದರು. ಅವರೂ ವಕೀಲರೇ. ಪಾರ್ಲಿಮೆಂಟಿನಲ್ಲಿ ಒಟ್ಟಿಗೆ ಕುಳಿತ ಮೊದಲ ದಂಪತಿಗಳು ಇವರು.

ಕಾಂಗ್ರೆಸ್ಸು ನಿಲ್ಲಿಸಿದವರಿಗೆ ಮತ ಬೀಳುವ ಕಾಲ ಅದು, ನಿಜ. ಆದರೆ ಮುಂಬಯಿಯಲ್ಲಿ ನಮ್ಮ ಪರ ಮಾತಾಡುವವನೊಬ್ಬ ಬೇಕೆಂಬ ಹಳೆಯ ಅಭ್ಯಾಸವೂ ಅದರಲ್ಲಿತ್ತೆಂದು ನನ್ನ ಎಣಿಕೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಪೀಲಿನ ದಾರಿ ಬೆಂಗಳೂರಿಗೆ ತಿರುಗಿತು. ಅಭ್ಯಾಸ ಮಾತ್ರ ಅಷ್ಟು ಬೇಗ ತಿರುಗಲಿಲ್ಲ. 1957ರಲ್ಲೂ 1962ರಲ್ಲೂ ಆಳ್ವರೇ ಗೆದ್ದರು. ಒಳ್ಳೆಯ ವಕೀಲ ಸಿಕ್ಕನೆಂದು ಕಕ್ಷಿದಾರ ಮನೆಯಲ್ಲಿ ಮಲಗಿದ್ದನೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇದು ಆಳ್ವರ ಮೇಲಿನ ದೂರಲ್ಲ, ನಮ್ಮ ಮೇಲಿನದು.

1967ರಲ್ಲಿ ಗಾಳಿ ಬದಲಾಯಿತು. ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದ ದಿನಕರ ದೇಸಾಯಿಯವರೂ ಕಾಯಿದೆ ಓದಿದವರೇ. ಅವರೂ ಮುಂಬಯಿ ಬಲ್ಲವರೇ. ಆದರೆ ಅವರು ಗೋಖಲೆಯವರ ಭಾರತ ಸೇವಕ ಸಂಘವನ್ನು ಸೇರಿ, ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿದರು. ಅದಕ್ಕಾಗಿ ಬ್ರಿಟಿಷ್ ಸರ್ಕಾರ 1940ರಿಂದ ಐದು ವರುಷ ಅವರನ್ನು ಹುಟ್ಟಿದ ಜಿಲ್ಲೆಯಿಂದಲೇ ಹೊರಗಿಟ್ಟಿತ್ತು. ಮುಂದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತೆರೆದರು. ಅವರ ಚುಟುಕಗಳನ್ನು ಬಲ್ಲ ವಾಚಕರಿಗೆ ಅವರ ನಾಲಿಗೆಯ ಹರಿತವನ್ನು ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಅವರನ್ನು ಎಂದೂ ಬ್ಯಾರಿಸ್ಟರ್ ಎನ್ನಲಿಲ್ಲ, ‘ದಿನಕರ’ ಎಂದೇ ಕರೆದರು, ಮನೆಯ ಹುಡುಗನನ್ನು ಕರೆದಂತೆ.

ಆಳ್ವರು 1968ರಲ್ಲಿ ರಾಷ್ಟ್ರಪತಿಗಳ ನಾಮಕರಣದಿಂದ ರಾಜ್ಯಸಭೆಗೆ ಹೋದರು. ಹೀಗೆ ಕೆಲವು ವರುಷ ನಮ್ಮ ಹಳೆಯ ಸದಸ್ಯರು ಒಂದು ಸಭೆಯಲ್ಲಿ, ಹೊಸಬರು ಇನ್ನೊಂದರಲ್ಲಿ ಕುಳಿತಿದ್ದರು. ‘ಬ್ಯಾರಿಸ್ಟರು ಈಗ ಯಾರ ಕಡೆಯಿಂದ ಹೋಗಿದ್ದಾರೆ?’ ಎಂದು ಹಿರಿಯರು ಕೇಳಿದ್ದರು. ರಾಷ್ಟ್ರಪತಿಗಳ ಕಡೆಯಿಂದ ಎಂದೆ. ‘ಹಾಗಾದರೆ ನಮ್ಮ ಕೇಸು ಮುಗಿಯಿತು ಅನ್ನು’ ಎಂದು ಎಲೆಯಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.