ಊರ ಬಯಲಿನ ಸುತ್ತು, ಫ್ರಾನ್ಸಿನ ಸುತ್ತು

1903ರ ಜುಲೈ 1ರಂದು ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ, ಪ್ಯಾರಿಸ್ಸಿನ ಆಚೆಗಿರುವ ಮೋಂಜೆರೋನ್ ಎಂಬ ಊರಲ್ಲಿ ಒಂದು ಕೆಫೆಯ ಮುಂದಿನಿಂದ 60 ಜನ ಸೈಕಲ್ ತುಳಿದುಕೊಂಡು ಹೊರಟರು. ಮೊದಲ ಹಂತ ಮುಗಿಯಬೇಕಿದ್ದುದು ಲಿಯೋಂ ಪಟ್ಟಣದಲ್ಲಿ, 467 ಕಿಲೋಮೀಟರ್ ದೂರ. ಬೆಂಗಳೂರು ಬಿಟ್ಟವರು ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಧಾರವಾಡ ಎಲ್ಲ ದಾಟಿ ಕಿತ್ತೂರಿನ ಹತ್ತಿರ ಹೋದಷ್ಟು. ನಡುವೆ ಮಲಗುವ ಮಾತಿಲ್ಲ. ಟಾರು ಕಾಣದ ರಸ್ತೆ, ಕತ್ತಲು, ಮೈತುಂಬ ಧೂಳು. ಮಾರನೆ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಲಿಯೋಂ ಮುಟ್ಟಿದವನು ಮೋರಿಸ್ ಗಾರಾಂ. 17 ಗಂಟೆ 45 ನಿಮಿಷ ತುಳಿದಿದ್ದ. ಅವನಿಗೂ ಎರಡನೆಯವನಾಗಿ ಬಂದ ಎಮಿಲ್ ಪಾಜಿಗೂ ನಡುವೆ ಇದ್ದದ್ದು 55 ಸೆಕೆಂಡು.

ಟೂರ್ ಡಿ ಫ್ರಾನ್ಸ್ ಶುರುವಾದದ್ದು ಹೀಗೆ. ಕುಂದಾಣದಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿರುವ ನನಗೆ ಇದರ ಹುಚ್ಚು ಹಿಡಿಸಿದವರು ಬೆಂಗಳೂರಿನ ಹುಡುಗರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ರಸ್ತೆಗಳು ಅಗಲವಾದವು. ಶನಿವಾರ, ಭಾನುವಾರ ಬೆಳಕು ಹರಿಯುವ ಮುಂಚೆಯೇ ನಂದಿ ಬೆಟ್ಟಕ್ಕೆ ಹೊರಟ ಸೈಕಲ್ಲುಗಳ ಸಾಲು. ಒಬ್ಬನ ಟ್ಯೂಬು ಹೋದರೆ ನಾಲ್ಕು ಜನ ನಿಂತು, "ಅಣ್ಣಾ, ಗಾಳಿ ಸಿಗುತ್ತಾ?" ಅನ್ನುತ್ತಾರೆ. ಅವರ ಟ್ಯೂಬಿನ ವಾಲ್ವು ಕಡ್ಡಿಯ ಹಾಗೆ ಸಣ್ಣ, ನಮ್ಮ ಪಂಪಿನ ಬಾಯಿಗೆ ಕೂರುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಮೂತಿ ತರಿಸಿಟ್ಟಿದ್ದೇನೆ. ಗಾಳಿ ತುಂಬುವಷ್ಟರಲ್ಲಿ ಅವರು ಹೇಳುವ ಕಥೆಗಳಲ್ಲಿ ಈ ರೇಸು ಬರುತ್ತಿತ್ತು. ಆಮೇಲೆ ನಾನೇ ಹುಡುಕಿ ಓದತೊಡಗಿದೆ.

ಓದುತ್ತ ಹೋದಂತೆ ಗೊತ್ತಾಗಿದ್ದು, ಈ ರೇಸು ಹುಟ್ಟಿದ್ದು ಎರಡು ಪತ್ರಿಕೆಗಳ ಜಗಳದಲ್ಲಿ ಎಂದು. ಹಸಿರು ಕಾಗದದ ಮೇಲೆ ಅಚ್ಚಾಗುತ್ತಿದ್ದ 'ಲ ವೆಲೋ' ಫ್ರಾನ್ಸಿನ ದೊಡ್ಡ ಕ್ರೀಡಾ ಪತ್ರಿಕೆ. ಅದರ ಸಂಪಾದಕ ಪಿಯರ್ ಜಿಫಾರ್. ಡ್ರೈಫಸ್ ಎಂಬ ಸೇನಾಧಿಕಾರಿಯ ಮೇಲಿನ ದೇಶದ್ರೋಹದ ಪ್ರಕರಣದಲ್ಲಿ ದೇಶವೇ ಎರಡು ಪಾಲಾದಾಗ ಅವನಿಗೂ, ಜಾಹೀರಾತು ಕೊಡುತ್ತಿದ್ದ ಕಾರು ಕಾರ್ಖಾನೆಯ ಒಡೆಯ ದ ದಿಯೋಂಗೂ ಮನಸ್ಸು ಮುರಿಯಿತು. ದ ದಿಯೋಂ ಮತ್ತು ಅವನ ಗೆಳೆಯರು 1900ರಲ್ಲಿ ಬೇರೆಯೇ ಪತ್ರಿಕೆ ತೆಗೆದರು. ಅದೇ ಮುಂದೆ 'ಲೊತೋ' ಎಂದು ಹೆಸರಾಯಿತು. ಅದರದು ಹಳದಿ ಕಾಗದ. ಸಂಪಾದಕ ಆನ್ರಿ ದೆಗ್ರಾಂಜ್. ಪತ್ರಿಕೆ ನಿರೀಕ್ಷಿಸಿದಷ್ಟು ಓಡಲಿಲ್ಲ. 1902ರ ನವೆಂಬರಿನಲ್ಲಿ ಜಿಯೋ ಲಫೆವ್ರ್ ಎಂಬ ಎಳೆಯ ವರದಿಗಾರ ಒಂದು ಸಲಹೆ ಕೊಟ್ಟ: ಟ್ರ್ಯಾಕಿನೊಳಗೆ ನಡೆಯುವ ಆರು ದಿನದ ರೇಸನ್ನು ಹೊರಗೆ ತಂದು, ಫ್ರಾನ್ಸಿನ ಸುತ್ತ ನಡೆಸೋಣ.

ಈ ಆರು ದಿನದ ರೇಸಿನ ವಿಷಯ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. 1878ರಲ್ಲಿ ಲಂಡನ್ನಿನಲ್ಲಿ ಶುರುವಾಗಿ, 1891ರಿಂದ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಜೋರಾಗಿ ನಡೆದ ಆಟ ಅದು. ಭಾನುವಾರ ದೇವರ ದಿನ, ಆಟ ಕೂಡದು. ಆದ್ದರಿಂದ ಸೋಮವಾರದಿಂದ ಶನಿವಾರದವರೆಗೆ, ಒಂದೇ ಸುತ್ತಿನಲ್ಲಿ, ನಿದ್ದೆಗೆಟ್ಟು, ತಲೆತಿರುಗಿ, ಇಲ್ಲದ್ದು ಕಣ್ಣಿಗೆ ಕಾಣುವ ತನಕ ಒಬ್ಬೊಬ್ಬನೇ ತುಳಿಯುತ್ತಿದ್ದ. ಅದನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಿದ್ದರು. ಕೊನೆಗೆ 1898ರಲ್ಲಿ, ಒಬ್ಬನು ದಿನಕ್ಕೆ 12 ಗಂಟೆಗಿಂತ ಹೆಚ್ಚು ತುಳಿಯಬಾರದೆಂದು ಕಾನೂನೇ ಮಾಡಬೇಕಾಯಿತು.

ಇದನ್ನು ನಮ್ಮ ಹಳ್ಳಿಯವರಿಗೆ ವಿವರಿಸಿ ಹೇಳಬೇಕಿಲ್ಲ, ನಾವೆಲ್ಲ ಕಣ್ಣಾರೆ ಕಂಡದ್ದು. ಸುಗ್ಗಿ ಮುಗಿದ ಕಾಲಕ್ಕೆ ಒಬ್ಬ ಸೈಕಲ್ಲಿನವನು, ಅವನ ಹೆಂಡತಿ, ಒಂದಿಬ್ಬರು ಜೊತೆಗಾರರು ಊರಿಗೆ ಬರುವರು. ಬಯಲಿನ ಮಧ್ಯೆ ಗಳ ನೆಟ್ಟು, ಮೈಕು, ಟ್ಯೂಬ್‌ಲೈಟು ಕಟ್ಟುವರು. ಅವನು ಸೈಕಲ್ ಹತ್ತಿದರೆ ಮೂರು ದಿನವೋ, ಐದು ದಿನವೋ, ಏಳು ದಿನವೋ ಇಳಿಯುವ ಹಾಗಿಲ್ಲ. ಸ್ನಾನ ಅದರ ಮೇಲೆ, ಊಟ ಅದರ ಮೇಲೆ, ಗಡ್ಡ ಹೆರೆದುಕೊಳ್ಳುವುದೂ ಅದರ ಮೇಲೆ. ನೆಲದ ಮೇಲಿಟ್ಟ ನೋಟನ್ನು ಬಗ್ಗಿ ಎತ್ತಿಕೊಳ್ಳುವನು. ಸಂಜೆ ಜನ ಸೇರಿದಾಗ ಟ್ಯೂಬ್‌ಲೈಟುಗಳನ್ನು ಎದೆಗೆ ಒಡೆದುಕೊಳ್ಳುವನು. ಮೆಚ್ಚಿದವರು ಅಂಗಿಗೆ ನೋಟು ಪಿನ್ನು ಮಾಡುವರು. ಮನೆಮನೆಯಿಂದ ಅಕ್ಕಿ, ರಾಗಿ ಹೋಗುತ್ತಿತ್ತು. ನಮ್ಮಪ್ಪ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದವರು. ಆ ಸವಾರನ ಹಿಂಚಕ್ರದ ಬೆಂಡು ತೆಗೆದು ಕೊಟ್ಟು, "ಹೊಟ್ಟೆಗೋಸ್ಕರ ತುಳಿಯೋನ ಹತ್ತಿರ ಕಾಸು ಇಸ್ಕೋಬಾರದು" ಅಂದಿದ್ದು ನನಗೆ ನೆನಪಿದೆ.

ಫ್ರಾನ್ಸಿನಲ್ಲೂ ತುಳಿದವರು ಹೊಟ್ಟೆಗೋಸ್ಕರವೇ ಬಂದವರು. ರೇಸನ್ನು ಮೊದಲು ಮೇ 31ರಿಂದ ಐದು ವಾರ ನಡೆಸುವುದೆಂದು ಸಾರಿದ್ದರು, ಪ್ರವೇಶ ಶುಲ್ಕ 20 ಫ್ರಾಂಕ್. ಕೇಳಿಕೊಂಡು ಬಂದವರು ಬೆರಳೆಣಿಕೆಯಷ್ಟು. ಕೂಲಿ ಬಿಟ್ಟು ಐದು ವಾರ ಯಾರು ಬರುತ್ತಾರೆ? ದೆಗ್ರಾಂಜ್ ಶುಲ್ಕವನ್ನು 10 ಫ್ರಾಂಕಿಗೆ ಇಳಿಸಿದ, ರೇಸನ್ನು ಜುಲೈ 1ರಿಂದ 19ಕ್ಕೆ ಮೊಟಕು ಮಾಡಿದ, ಮೊದಲ ಐವತ್ತು ಜನಕ್ಕೆ ದಿನಕ್ಕೆ 5 ಫ್ರಾಂಕ್ ಭತ್ಯೆ ಕೊಡುತ್ತೇನೆಂದ. ಆಗ ಜನ ಬಂದರು. ಈ ಐದು ಫ್ರಾಂಕ್ ಇಲ್ಲದಿದ್ದರೆ ಟೂರ್ ಡಿ ಫ್ರಾನ್ಸ್ ಇರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಲಫೆವ್ರನ ತಲೆಗಿಂತ ಆ ಭತ್ಯೆಯೇ ಈ ರೇಸಿನ ನಿಜವಾದ ಬಂಡವಾಳ. ಗೆದ್ದ ಗಾರಾಂ ಚಿಕ್ಕಂದಿನಲ್ಲಿ ಮನೆಗಳ ಹೊಗೆಗೂಡಿಗೆ ಇಳಿದು ಮಸಿ ಗುಡಿಸುತ್ತಿದ್ದವನು. 1909ರಲ್ಲಿ ಇಟಲಿಯವರು 'ಗಜೆಟ್ಟಾ ದೆಲ್ಲೊ ಸ್ಪೋರ್ಟ್' ಪತ್ರಿಕೆಯ ಮೂಲಕ ತಮ್ಮದೇ ಜಿರೋ ರೇಸು ಶುರು ಮಾಡಿದಾಗ ಮೊದಲು ಗೆದ್ದ ಲೂಯಿಜಿ ಗನ್ನಾ ಗಾರೆ ಕೆಲಸದವನು.

ಆರು ಹಂತ, 2,428 ಕಿಲೋಮೀಟರ್. ಕೊನೆ ಮುಟ್ಟಿದವರು 21 ಜನ. ಗಾರಾಂ ಎರಡನೆಯವನಿಗಿಂತ ಸುಮಾರು ಮೂರು ಗಂಟೆ ಮುಂದಿದ್ದ. 'ಲೊತೋ'ದ ಮಾರಾಟ 25 ಸಾವಿರದಿಂದ 65 ಸಾವಿರಕ್ಕೆ ಏರಿತು. 'ಲ ವೆಲೋ' ಮರುವರ್ಷವೇ ಮುಚ್ಚಿತು. 1904ರ ರೇಸಿನಲ್ಲಿ ರಸ್ತೆಗೆ ಮೊಳೆ ಸುರಿದರು, ಜನ ಅಡ್ಡಹಾಕಿ ಹೊಡೆದರು. ಮೊದಲ ನಾಲ್ವರನ್ನೂ ಅನರ್ಹಗೊಳಿಸಿ, ಇನ್ನೂ ಇಪ್ಪತ್ತು ತುಂಬದ ಆನ್ರಿ ಕೊರ್ನೆಗೆ ಗೆಲುವು ಕೊಡಬೇಕಾಯಿತು.

ನನ್ನ ಮನಸ್ಸು ಮಾತ್ರ ಹೆಚ್ಚು ಹೊತ್ತು ನಿಲ್ಲುವುದು 1913ರ ಒಂದು ಕುಲುಮೆಯಲ್ಲಿ. 1910ರಿಂದ ದೆಗ್ರಾಂಜ್ ಸವಾರರನ್ನು ಪಿರನೀಸ್ ಪರ್ವತಗಳಿಗೆ ಹತ್ತಿಸತೊಡಗಿದ್ದ. ಗೇರು ಬದಲಿಸುವ ಸಾಧನಕ್ಕೆ ಅವನು ಒಪ್ಪಲಿಲ್ಲ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಹಿಂಚಕ್ರದ ಎರಡು ಪಕ್ಕಕ್ಕೂ ಒಂದೊಂದು ಹಲ್ಲುಚಕ್ರ. ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತಬೇಕು. ಯೂಜೀನ್ ಕ್ರಿಸ್ತೋಫ್ ಎಂಬವನು ಆ ವರ್ಷ ಗೆಲ್ಲುವ ಎಲ್ಲ ಲಕ್ಷಣ ಇದ್ದವನು. ತೂರ್ಮಾಲೆ ಕಣಿವೆಯನ್ನು ಇಳಿಯುವಾಗ ಮುಂದಿನ ಫೋರ್ಕು ಮುರಿಯಿತು. ಹೊರಗಿನವರ ಸಹಾಯ ಪಡೆಯಬಾರದು, ಸೈಕಲ್ ಬದಲಿಸಬಾರದು, ಅದು ನಿಯಮ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂತ್ ಮರೀ ದ ಕಾಂಪಾ ಎಂಬ ಹಳ್ಳಿಯ ಕುಲುಮೆ ಮುಟ್ಟಿದ. ಅವನು ಮೊದಲು ಬೀಗ ಮಾಡುವ ಕೆಲಸ ಕಲಿತವನು. ಕಮ್ಮಾರ ಬಾಯಲ್ಲಿ ಹೇಳಬಹುದಿತ್ತು, ಕೈ ಹಾಕುವಂತಿರಲಿಲ್ಲ. ರೇಸಿನ ಅಧಿಕಾರಿಗಳು ನೋಡುತ್ತ ನಿಂತಿದ್ದರು.

ಫೋರ್ಕಿನ ಕೊಳವೆ ಒಳಗೆ ಟೊಳ್ಳು. ಕಾಯಿಸಿ ಜೋರಾಗಿ ಬಡಿದರೆ ಚಪ್ಪಟೆಯಾಗುತ್ತದೆ, ಮೆಲ್ಲಗೆ ಬಡಿದರೆ ಬೆಸೆಯುವುದಿಲ್ಲ. ಒಂದು ಕೈಯಲ್ಲಿ ಇಕ್ಕುಳ, ಇನ್ನೊಂದರಲ್ಲಿ ಸುತ್ತಿಗೆ. ತಿದಿ ಒತ್ತಲು ಮೂರನೆಯ ಕೈ ಬೇಕು. ಒತ್ತುವುದು ನಿಂತರೆ ಕೆಂಡ ಮಂಕಾಗಿ ಕಬ್ಬಿಣ ಕಪ್ಪಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಅಲ್ಲಿದ್ದ ಹುಡುಗನೊಬ್ಬ ತಿದಿ ಒತ್ತಿಕೊಟ್ಟ. ಫೋರ್ಕು ನಿಂತಿತು, ಕ್ರಿಸ್ತೋಫ್ ಹಂತ ಮುಗಿಸಿದ. ಹುಡುಗನ ಸಹಾಯ ಪಡೆದದ್ದಕ್ಕೆ ಹತ್ತು ನಿಮಿಷದ ದಂಡ ಹಾಕಿ, ಆಮೇಲೆ ಮೂರಕ್ಕೆ ಇಳಿಸಿದರು. ಕಬ್ಬಿಣ ಕಾಯಿಸಿ ಬಲ್ಲ ಯಾರೂ ಆ ದಂಡ ಹಾಕುತ್ತಿರಲಿಲ್ಲ. 1919ರಲ್ಲಿ, ಮುಂದಿರುವವನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಬಂದಾಗ ಮೊದಲು ತೊಟ್ಟವನೂ ಇದೇ ಕ್ರಿಸ್ತೋಫ್. ಆ ವರ್ಷವೂ ಕೊನೆಯ ಹಂತಕ್ಕೆ ಮುಂಚಿನ ಹಂತದಲ್ಲಿ ಫೋರ್ಕು ಮುರಿದು ಗೆಲುವು ಕೈತಪ್ಪಿತು. ಓದುಗರು ಚಂದಾ ಎತ್ತಿ, ಗೆದ್ದವನ ಬಹುಮಾನಕ್ಕಿಂತ ಹೆಚ್ಚು ಹಣ ಅವನಿಗೆ ಕಳಿಸಿಕೊಟ್ಟರು.

ನಮ್ಮ ಬಯಲಿನ ಸವಾರನಿಗೆ ಇವರೆಲ್ಲರಿಗಿಂತ ಹತ್ತಿರದ ನೆಂಟ ಜೂಲ್ ದೆಲೊಫ್ರ್. ಯಾವ ಕಂಪನಿಯ ತಂಡಕ್ಕೂ ಸೇರದೆ, 1908ರಿಂದ 1928ರ ನಡುವೆ ಮತ್ತೆ ಮತ್ತೆ ಈ ರೇಸಿಗೆ ಬಂದವನು. ದಿನವಿಡೀ ತುಳಿದು ಹಂತ ಮುಟ್ಟಿದ ಮೇಲೆ ಸೇರಿದ ಜನರ ಮುಂದೆ ಕಸರತ್ತು ಮಾಡಿ ಟೋಪಿ ಚಾಚುತ್ತಿದ್ದ. ರಾತ್ರಿಯ ಊಟ, ಮಲಗಲು ಜಾಗ ಅದರಿಂದಲೇ ಆಗಬೇಕಿತ್ತು.

2008ರ ಡಿಸೆಂಬರಿನಲ್ಲಿ ಬೆಂಗಳೂರಿನವರು ಟೂರ್ ಆಫ್ ನೀಲಗಿರೀಸ್ ಶುರು ಮಾಡಿದರು, ಹಂತ ಹಂತವಾಗಿ ಘಟ್ಟ ಹತ್ತುವ ಎಂಟು ದಿನದ ಸವಾರಿ. ಅದು ಹವ್ಯಾಸಿಗಳದು, ಸಂಬಳ ಬಿಟ್ಟು ಬರುವವರದಲ್ಲ. ಸೈಕಲ್ಲನ್ನೇ ನಂಬಿದ ಹುಡುಗ ಹುಡುಗಿಯರನ್ನು ನೋಡಬೇಕಾದರೆ ವಿಜಯಪುರ, ಬಾಗಲಕೋಟೆಯ ಕಡೆ ಹೋಗಬೇಕು. ರೈತರ, ಕೂಲಿಕಾರರ ಮಕ್ಕಳು ಅಲ್ಲಿ ಸೈಕಲ್ ತುಳಿದು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ, ರೈಲ್ವೆಯಲ್ಲೊಂದು ನೌಕರಿ ಸಿಕ್ಕಲಿ ಎಂದು ಕಾಯುತ್ತಾರೆ. ಗಾರಾಂ, ಗನ್ನಾ ಇವರ ಓಣಿಯ ಮಕ್ಕಳೇ.

ಗಾರಾಂ ಲಿಯೋಂ ಮುಟ್ಟಿದ ನಿಮಿಷ ನಮಗೆ ಗೊತ್ತಿರುವುದು ಪತ್ರಿಕೆಯವನು ಗಡಿಯಾರ ಹಿಡಿದು ನಿಂತಿದ್ದನಾದ್ದರಿಂದ. ಹೊಯ್ಸಳ ದೊರೆ ರಾಮನಾಥನ ಸಂಗತಿಗಳಿಗೂ ಕಲ್ಲಿನ ಬರಹದ ಆಸರೆ ಇದೆ. ಬಯಲಿನಲ್ಲಿ ಏಳು ರಾತ್ರಿ ಇಳಿಯದೆ ತುಳಿದವರಿಗೆ ಗಡಿಯಾರದವನೂ ಇರಲಿಲ್ಲ, ಕಲ್ಲು ಕಡೆಯುವವನೂ ಇರಲಿಲ್ಲ. ಅದಕ್ಕೇ ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಹೋಬಳಿಯ ಹಳಬರನ್ನು ಕೇಳಿ ಬರೆದಿಡುತ್ತಿದ್ದೇನೆ: ಯಾವ ಊರಿಂದ ಬಂದಿದ್ದ, ಯಾವ ಸೈಕಲ್ಲು, ಎಷ್ಟು ದಿನ ತುಳಿದ, ನಿದ್ದೆ ತಡೆಯಲು ಏನು ಮಾಡುತ್ತಿದ್ದ, ಕೊನೆಯ ದಿನ ಇಳಿದಾಗ ಕಾಲು ನೆಲಕ್ಕೆ ನಿಲ್ಲುತ್ತಿತ್ತೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಕಡೆಯ ಸೈಕಲ್ ಶಾಪಿನವರೂ ತಮ್ಮ ಊರಿನ ಹಿರಿಯರನ್ನು ಈ ವರ್ಷವೇ ಕೇಳಬೇಕು.